ಪೋರ್ಟ್ ತೆರೆದಿತ್ತು, ಪ್ಲಗಿನ್ ಇನ್ನೂ ಎದ್ದಿರಲಿಲ್ಲ

ನಮ್ಮ ಸರ್ವರ್ ಬರೆದಿರುವುದು ಗೋ ಭಾಷೆಯಲ್ಲಿ. ಅದರ ತಿರುಳು ಚಿಕ್ಕದು. ಹುಡುಕಾಟ, ಎಸ್ಸೆಮ್ಮೆಸ್, ವರದಿ ಎಲ್ಲವೂ ಅದಕ್ಕೆ ಜೋಡಿಸಿದ ಪ್ಲಗಿನ್‌ಗಳು. ಹೊಸ ಆವೃತ್ತಿ ಬಿಟ್ಟಾಗಲೆಲ್ಲ ಮೊದಲ ಅರ್ಧ ನಿಮಿಷ ಹುಡುಕಿದವರಿಗೆ 500 ಎರರ್ ಬರುತ್ತಿತ್ತು. ಆಮೇಲೆ ತಾನಾಗಿಯೇ ಸರಿಹೋಗುತ್ತಿದ್ದುದರಿಂದ ತಿಂಗಳುಗಟ್ಟಲೆ ಯಾರೂ ಅದರ ಬೆನ್ನು ಹತ್ತಿರಲಿಲ್ಲ.

ಒಂದು ಸಂಜೆ ಲಾಗ್ ತೆಗೆದು ಕೂತೆ. ಪಾಡ್ (ಓಡುತ್ತಿರುವ ಸರ್ವರ್‌ನ ಒಂದು ಪ್ರತಿ) ಶುರುವಾದ 2ನೇ ಸೆಕೆಂಡಿಗೆ ಪೋರ್ಟ್, ಅಂದರೆ ವಿನಂತಿಗಳು ಒಳಬರುವ ಬಾಗಿಲು, ತೆರೆದಿದೆ. ಹುಡುಕಾಟದ ಪ್ಲಗಿನ್ 'ಇಂಡೆಕ್ಸ್ ಲೋಡ್ ಆಯಿತು' ಅಂದಿರುವುದು 38ನೇ ಸೆಕೆಂಡಿಗೆ. ನಡುವೆ ಬಂದ ಹುಡುಕಾಟಗಳೆಲ್ಲ ಫೇಲ್. ಇದರಲ್ಲಿ ಪಾಡ್‌ಗಳನ್ನು ನಡೆಸುವ ಕುಬರ್ನೆಟಿಸ್‌ನ ತಪ್ಪೇನೂ ಇರಲಿಲ್ಲ. ಪೋರ್ಟ್ ತೆರೆದ ಕ್ಷಣದಿಂದಲೇ ನಮ್ಮ ಹೆಲ್ತ್ ಚೆಕ್ 200 (ಎಲ್ಲ ಸರಿ) ಅನ್ನುತ್ತಿತ್ತು, ಅದನ್ನು ನಂಬಿ ಕುಬರ್ನೆಟಿಸ್ ಟ್ರಾಫಿಕ್ ಕಳಿಸುತ್ತಿತ್ತು.

ತಾನು ಸಿದ್ಧವೋ ಇಲ್ಲವೋ ಅನ್ನುವುದು ಆಯಾ ಪ್ಲಗಿನ್‌ಗೆ ಮಾತ್ರ ಗೊತ್ತು. ಹಾಗಾಗಿ ಪ್ಲಗಿನ್‌ಗಳೆಲ್ಲ ಪಾಲಿಸಬೇಕಾದ ಇಂಟರ್‌ಫೇಸ್‌ಗೇ 'ರೆಡಿ' ಅನ್ನುವ ಮೆಥಡ್ ಸೇರಿಸಿದೆ. ಸಿದ್ಧವಿಲ್ಲದಿದ್ದರೆ ಕಾರಣ ಹೇಳಬೇಕು. ಮೆಥಡ್ ಇಲ್ಲದ ಹಳೇ ಪ್ಲಗಿನ್‌ಗಳನ್ನು ಸಿದ್ಧ ಅಂತಲೇ ಎಣಿಸೋಣ ಎಂದರು ಸಹೋದ್ಯೋಗಿಯೊಬ್ಬರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದ್ದರೆ ಹಳೇ ಸುಳ್ಳು ಹೊಸ ಜಾಗದಲ್ಲಿ ಮುಂದುವರಿಯುತ್ತಿತ್ತು. ಹನ್ನೊಂದು ಪ್ಲಗಿನ್‌ಗಳಿಗೂ ಕೂತು ಬರೆದೆವು.

ಎಡವಿದ್ದು ಆಮೇಲೆ. ಪ್ರೋಬ್ (ಸಿದ್ಧವೇ ಎಂದು ಕುಬರ್ನೆಟಿಸ್ ಆಗಾಗ ಕೇಳುವ ಪ್ರಶ್ನೆ) ಬಂದಾಗಲೆಲ್ಲ ಪ್ಲಗಿನ್‌ಗಳನ್ನು ಒಂದರ ಹಿಂದೊಂದರಂತೆ ಕೇಳಿ ಉತ್ತರಿಸುತ್ತಿದ್ದೆ. ಎಸ್ಸೆಮ್ಮೆಸ್ ಪ್ಲಗಿನ್ ಪ್ರತಿ ಸಲವೂ ಸಂದೇಶ ಕಳಿಸಿಕೊಡುವ ಹೊರಗಿನ ಗೇಟ್‌ವೇಯನ್ನು ಮಾತಾಡಿಸಿ ಬರುತ್ತಿತ್ತು. ನಾವಾಗಿ ಬದಲಿಸದಿದ್ದರೆ ಪ್ರೋಬ್‌ನ ಟೈಮ್‌ಔಟ್ 1 ಸೆಕೆಂಡ್, 10 ಸೆಕೆಂಡಿಗೊಂದು ಪ್ರಯತ್ನ, ಸತತ 3 ಸಲ ತಪ್ಪಿದರೆ ಪಾಡ್ ಹೊರಗೆ, ಅದಕ್ಕೆ ಟ್ರಾಫಿಕ್ ಬಂದ್. ಒಂದು ಮಧ್ಯಾಹ್ನ ಗೇಟ್‌ವೇ ನಿಧಾನವಾಯಿತು. ಅರ್ಧ ನಿಮಿಷದೊಳಗೆ ನಮ್ಮ ಎಲ್ಲ ಪಾಡ್‌ಗಳೂ ಸರ್ವಿಸ್‌ನಿಂದ ಆಚೆ. ಎಸ್ಸೆಮ್ಮೆಸ್ ತಡವಾಗಿದ್ದರೆ ಜನ ಸಹಿಸುತ್ತಿದ್ದರು. ನಾನು ಬರೆದ ತಪಾಸಣೆಯಿಂದ ಹುಡುಕಾಟ, ವರದಿ ಎಲ್ಲವೂ ನಿಂತವು. ಆ ಮಧ್ಯಾಹ್ನ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಪ್ರತಿ ಪ್ಲಗಿನ್‌ನ ತಪಾಸಣೆ ತನ್ನದೇ ಗೋರುಟೀನ್‌ನಲ್ಲಿ (ಗೋ ಭಾಷೆಯಲ್ಲಿ ಬೇರೆಯಾಗಿ ಓಡುವ ಕೆಲಸದ ಎಳೆ) 5 ಸೆಕೆಂಡಿಗೊಮ್ಮೆ ನಡೆಯುತ್ತದೆ. ಪ್ರೋಬ್ ಬಂದಾಗ ಮೆಮೊರಿಯಲ್ಲಿರುವ ಫಲಿತಾಂಶ ಓದಿ ಹೇಳುವುದಷ್ಟೇ ಕೆಲಸ. ತಪಾಸಣೆಯೇ ಸಿಕ್ಕಿಹಾಕಿಕೊಂಡರೆ ಹಳೇ 'ಸಿದ್ಧ' ಹಾಗೇ ಉಳಿದುಬಿಡುತ್ತದಲ್ಲ, ಅದಕ್ಕೆ ಸಮಯವನ್ನೂ ಬರೆದಿಡುತ್ತೇನೆ. 15 ಸೆಕೆಂಡಿಗಿಂತ ಹಳೆಯದಾದರೆ 'ಸಿದ್ಧವಿಲ್ಲ'. ಜೊತೆಗೆ ಕಾನ್ಫಿಗ್‌ನಲ್ಲಿ ಪ್ರತಿ ಪ್ಲಗಿನ್‌ಗೂ ಕಡ್ಡಾಯ ಅಥವಾ ಐಚ್ಛಿಕ ಅನ್ನುವ ಗುರುತು ಇದೆ. ಕಡ್ಡಾಯವಾದದ್ದು ಸಿದ್ಧವಿಲ್ಲದಿದ್ದರೆ ಮಾತ್ರ ಪ್ರೋಬ್‌ಗೆ 503 (ಸದ್ಯ ಸೇವೆ ಇಲ್ಲ) ಅನ್ನುವ ಉತ್ತರ. ಎಸ್ಸೆಮ್ಮೆಸ್ ಈಗ ಐಚ್ಛಿಕ.

ಸರ್ವರ್ ಜೀವಂತವಿದೆಯೇ ಎಂದಷ್ಟೇ ಕೇಳುವ ಲೈವ್‌ನೆಸ್ ಪ್ರೋಬ್‌ಗೆ ಮಾತ್ರ ಇದ್ಯಾವುದನ್ನೂ ಸೇರಿಸಲಿಲ್ಲ. ಅದು ತಪ್ಪಿದರೆ ಕಂಟೈನರ್ (ಪಾಡ್‌ನೊಳಗೆ ಓಡುವ ನಮ್ಮ ಸರ್ವರ್) ರೀಸ್ಟಾರ್ಟ್ ಆಗುತ್ತದೆ. ಇಂಡೆಕ್ಸ್ ಮತ್ತೆ ಮೊದಲಿಂದ ಲೋಡ್, ಮತ್ತೆ ರೀಸ್ಟಾರ್ಟ್, ಹೀಗೆ ಕೊನೆಯೇ ಇರುವುದಿಲ್ಲ.

ಮೊನ್ನೆ ಹೊಸ ಆವೃತ್ತಿ ಬಿಡುವಾಗ ಪ್ಲಗಿನ್‌ಗಳ ಸ್ಥಿತಿ ತೋರಿಸುವ ರೆಡಿನೆಸ್ ಪುಟ ತೆರೆದಿಟ್ಟುಕೊಂಡಿದ್ದೆ. ಹತ್ತು ಸಾಲು 'ಸಿದ್ಧ', ಒಂದೇ ಒಂದು ಸಾಲು: 'ಹುಡುಕಾಟ: ಇಂಡೆಕ್ಸ್ ಲೋಡ್ ಆಗುತ್ತಿದೆ'. ಅದು ಲೋಡ್ ಆಗುವವರೆಗೂ ಹಳೇ ಪಾಡ್‌ಗಳೇ ಹುಡುಕಿಕೊಟ್ಟವು.