ಸಂಜೆಯಾದರೆ ಕಾಲು ಭಾರವೇ? ರಕ್ತನಾಳ ನೋಡಿಕೊಳ್ಳುವ ಬಗೆ

ಮೈಸೂರಿನ ಸೀರೆ ಅಂಗಡಿಗಳಲ್ಲಿ ದಿನವಿಡೀ ನಿಂತು ಮಾರುವವರು, ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ನಿಂತು ಪಾಕ ನೋಡುವವರು, ಹೋಟೆಲ್ ಅಡುಗೆಯವರು, ಟ್ರಾಫಿಕ್ ಪೊಲೀಸರು: ಇವರ ಕಾಲಿಗೆ ಕಷ್ಟ ಕೊಡುವುದು ನಡಿಗೆಯಲ್ಲ, ಒಂದೇ ಜಾಗದಲ್ಲಿ ನಿಲ್ಲುವುದು. ಕಾಲಿನ ರಕ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯು ಅದನ್ನು ಹಿಂಡಿ ತಳ್ಳಬೇಕು. ಏರಿದ ರಕ್ತ ಕೆಳಗೆ ಜಾರದಂತೆ ನಾಳದೊಳಗಿನ ಕವಾಟಗಳು ಮುಚ್ಚಿಕೊಳ್ಳಬೇಕು. ಸ್ನಾಯು ಸುಮ್ಮನಿದ್ದರೆ ಒತ್ತಡ ಹೆಚ್ಚಿ ನಾಳ ಹಿಗ್ಗುತ್ತದೆ. ಹಿಗ್ಗಿದ ನಾಳದಲ್ಲಿ ಕವಾಟದ ಎಸಳುಗಳು ಒಂದಕ್ಕೊಂದು ಕೂಡುವುದಿಲ್ಲ. ಇದೇ ಉಬ್ಬುನಾಳದ ತೊಂದರೆ, ಅಂದರೆ ವೆರಿಕೋಸ್ ವೇನ್ಸ್. ಹಾಗೆ ಕೆಟ್ಟ ಕವಾಟವನ್ನು ಯಾವ ಮಾತ್ರೆಯೂ, ಯಾವ ಎಣ್ಣೆಯೂ ಸರಿಮಾಡದು. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ತೊಂದರೆ ಇದ್ದರೆ, ಬಸಿರಾದಾಗ, ತೂಕ ಹೆಚ್ಚಿದಾಗ ಇದು ಬರುವ ಸಂಭವ ಜಾಸ್ತಿ.

ಕಾಲನ್ನು ಪರೀಕ್ಷಿಸಲು ಸಂಜೆಯೇ ಸರಿಯಾದ ಹೊತ್ತು. ಬೆಳಗ್ಗೆ ಮಲಗಿ ಎದ್ದ ಕಾಲಿನಲ್ಲಿ ಊತ ಅಷ್ಟಾಗಿ ಕಾಣುವುದಿಲ್ಲ. ಒಳ್ಳೆಯ ಬೆಳಕಿನಲ್ಲಿ ಎರಡು ನಿಮಿಷ ನಿಂತು, ಸೀರೆಯನ್ನೋ ಪಂಚೆಯನ್ನೋ ಮಂಡಿಯ ಮೇಲಕ್ಕೆ ಎತ್ತಿಕೊಂಡು ಎರಡೂ ಕಾಲು ಹೋಲಿಸಿ ನೋಡಿ. ಹಗ್ಗದಂತೆ ಸುತ್ತಿಕೊಂಡ ನಾಳಗಳು ಸುಲಭವಾಗಿ ಕಾಣುತ್ತವೆ, ಆದರೆ ನಿಜವಾಗಿ ನೋಡಬೇಕಾದ ಜಾಗ ಒಳ ಹರಡಿನ ಮೇಲಿನ ನಾಲ್ಕು ಬೆರಳಗಲ. ಕಾಲುಚೈನಿನ ಗುರುತು ಅಚ್ಚೊತ್ತಿದೆಯೇ? ಹರಡಿಗೆ ಹತ್ತಿರ ಮುಂಮೂಳೆಯ ಮೇಲೆ ಹೆಬ್ಬೆರಳಿಂದ ಹತ್ತು ಸೆಕೆಂಡ್ ಒತ್ತಿದರೆ ಕುಳಿ ಉಳಿಯುತ್ತದೆಯೇ? ಚರ್ಮ ಕಂದು ತಿರುಗಿದೆಯೇ? ಆ ಬಣ್ಣ ನಾಳದಿಂದ ಹೊರಗೆ ಸೋರಿದ ರಕ್ತಕಣಗಳ ಕಬ್ಬಿಣಾಂಶದ್ದು, ಉಜ್ಜಿದರೆ ಹೋಗದು. ಅಲ್ಲಿನ ತುರಿಕೆಯನ್ನು ಹುಳುಕಡ್ಡಿ ಎಂದುಕೊಂಡು ಅಂಗಡಿಯ ಮುಲಾಮು ಹಚ್ಚುತ್ತಾ ಕೂತವರೇ ಕೊನೆಗೆ ಹುಣ್ಣಿನೊಂದಿಗೆ ಆಸ್ಪತ್ರೆಗೆ ಬರುವುದು. ಕಂದು ಬಣ್ಣ, ಗಟ್ಟಿಯಾದ ಚರ್ಮ, ಎರಡು ವಾರವಾದರೂ ಮಾಯದ ಹುಣ್ಣು ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಎರಡೂ ಕಾಲು ಒಂದೇ ಸಮ ಊದಿದ್ದರೆ ಹೃದಯ, ಮೂತ್ರಪಿಂಡಗಳನ್ನೂ ಪರೀಕ್ಷೆ ಮಾಡಿಸಬೇಕು.

ನಿಂತು ಕೆಲಸ ಮಾಡುವವರು ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸುವುದನ್ನು 20 ಸಲ ಮಾಡಿ. ಕೂತು ಕೆಲಸ ಮಾಡುವವರು ಪಾದವನ್ನು ಮೇಲಕ್ಕೂ ಕೆಳಕ್ಕೂ ಪೂರ್ತಿ ಮಡಿಸಿ. ಬರೀ ಬೆರಳಾಡಿಸಿದರೆ ಮೀನಖಂಡ ಹಿಂಡುವುದಿಲ್ಲ. ನಡಿಗೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೇ ಹತ್ತಬೇಕೆಂದಿಲ್ಲ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಸಾಕು. ಮನೆಗೆ ಬಂದ ಮೇಲೆ ಮಲಗಿ, ಕಾಲು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ದಿಂಬಿನ ಮೇಲೆ 15 ನಿಮಿಷ ಇಡಿ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಅಷ್ಟು ಎತ್ತರ ಸಿಗದು. ರಾತ್ರಿ ಊತ ಇಳಿಯಲು ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಇಡಬಹುದು. ಹೃದಯದ ತೊಂದರೆಯಿಂದ ಮಲಗಿದಾಗ ಉಸಿರು ಕಟ್ಟುವವರು ಹೀಗೆ ಮಾಡಬಾರದು.

ಒತ್ತುಕಾಲುಚೀಲವನ್ನು, ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸನ್ನು, ಅಂದಾಜಿನಲ್ಲಿ ಕೊಂಡರೆ ದುಡ್ಡು ದಂಡ. ಬೆಳಗ್ಗೆ ಊತ ಏರುವ ಮೊದಲು ಹರಡಿನ ತೀರಾ ಸಣ್ಣ ಸುತ್ತಳತೆ, ಮೀನಖಂಡದ ತೀರಾ ದಪ್ಪ ಸುತ್ತಳತೆ ಎರಡನ್ನೂ ಟೇಪಿನಲ್ಲಿ ಅಳೆದು ಹೋಗಿ. ಒತ್ತಡ ಎಷ್ಟಿರಬೇಕೆಂದು ವೈದ್ಯರೇ ಹೇಳಬೇಕು. 20ರಿಂದ 30 ಮಿಲಿಮೀಟರ್ ಪಾದರಸದ್ದು ಸಾಮಾನ್ಯ. ಹಾಸಿಗೆಯಿಂದ ಇಳಿಯುವ ಮುನ್ನ, ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ತಿರುಗಿಸಿ, ಪಾದ ತೂರಿಸಿ, ಅಂಗೈಯಿಂದ ಸ್ವಲ್ಪಸ್ವಲ್ಪವೇ ಮೇಲಕ್ಕೆ ಸವರಿ ಏರಿಸಿ. ಮೇಲಂಚನ್ನು ಮಡಚಬೇಡಿ, ಮಡಚಿದ ಕಡೆ ಅದೇ ಕಟ್ಟಾಗಿ ಕೂತು ರಕ್ತವನ್ನು ತಡೆಯುತ್ತದೆ. ಮಲಗುವಾಗ ತೆಗೆಯಿರಿ, ನೆರಳಲ್ಲಿ ಒಣಗಿಸಿ, ಸುಮಾರು ಆರು ತಿಂಗಳಿಗೆ ಬದಲಿಸಿ. ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಳ್ಳುವವರು ಪಾದದ ನಾಡಿ ಪರೀಕ್ಷೆ ಆಗದೆ ಇದನ್ನು ತೊಡಲೇಬಾರದು. ಕಾಲಿಗೆ ರಕ್ತ ಹೋಗುವ ಧಮನಿ ಮೊದಲೇ ಕಟ್ಟಿದ್ದರೆ ಮೇಲಿಂದ ಬಿದ್ದ ಒತ್ತಡ ಬೆರಳನ್ನೇ ಕಳೆದೀತು.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ನೋವಿನಿಂದ ಬಿಗಿದು ಬಿಸಿಯಾದರೆ ಆಳದ ನಾಳದಲ್ಲಿ ಹೆಪ್ಪುಗಟ್ಟಿರಬಹುದು. ಆಪರೇಷನ್ ಆದವರಲ್ಲಿ, ಬಾಣಂತಿಯರಲ್ಲಿ, ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಈ ಅನುಮಾನ ಇನ್ನೂ ಬಲವಾಗಿರಲಿ. ಬಾಣಂತಿಗೆ ಎಣ್ಣೆ ತಿಕ್ಕುವ ಅಜ್ಜಿಯರಿಗೆ ಇದನ್ನು ದಯವಿಟ್ಟು ಮೊದಲೇ ಹೇಳಿಡಿ: ಊದಿದ ಕಾಲನ್ನು ತಿಕ್ಕಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ನಿಂತೇ ಇರಬೇಡಿ. ಅಲ್ಲೇ ಮಲಗಿ ಕಾಲು ಮೇಲೆತ್ತಿ, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ. ಮೇಲೆ ಹಗ್ಗ ಕಟ್ಟಬೇಡಿ.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮಂಡ್ಯದ ಮಿಮ್ಸ್‌ನಲ್ಲಾಗಲಿ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ತೋರಿಸಿ. ಯಾವ ಕವಾಟ ಸೋರುತ್ತಿದೆ ಎಂದು ತಿಳಿಸುವುದು ಡಾಪ್ಲರ್ ಸ್ಕ್ಯಾನ್. ಸೋರಿಕೆ ಸರಿಯಾಗಿ ಕಾಣಬೇಕಾದರೆ ರೋಗಿ ನಿಂತಿರುವಾಗ ಆ ಸ್ಕ್ಯಾನ್ ಮಾಡಬೇಕು. ಆ ವರದಿ ನೋಡಿದ ಮೇಲೆಯೇ ಕೆಟ್ಟ ನಾಳವನ್ನು ಮುಚ್ಚುವ ಲೇಸರ್, ರೇಡಿಯೋ ತರಂಗ, ನೊರೆ ಚುಚ್ಚುಮದ್ದು, ಇಲ್ಲವೇ ಆಪರೇಷನ್ ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸುವುದು.