ಹಳೆ ಹಂಚಿನ ಮಾಡು: ಬಿಚ್ಚಬೇಕೋ, ಉಳಿಸಬೇಕೋ?

ಮಳೆಗಾಲ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಂಕೋಲೆಯಿಂದ ಒಬ್ಬರು, ಸಿದ್ದಾಪುರದಿಂದ ಇನ್ನೊಬ್ಬರು. ಮಾತು ಮಾತ್ರ ಒಂದೇ: "ಆಚಾರ್ರೆ, ಮಾಡು ಸೋರ್ತಾ ಇದೆ. ಹಂಚು ತೆಗೆದು ಶೀಟ್ ಹಾಕಿಬಿಡೋಣ ಅಲ್ವಾ?" ನಾನು ಕುಮಟಾದವನು. ಘಟ್ಟದ ಕೆಳಗೂ ಮೇಲೂ ಮಾಡಿನ, ಅಂದರೆ ಮನೆಯ ಛಾವಣಿಯ, ಕೆಲಸ ಮಾಡುತ್ತೇನೆ. ಹಂಚೂ ಕೂರಿಸುತ್ತೇನೆ, ತಗಡಿನ ಶೀಟೂ ಹಾಕುತ್ತೇನೆ. ನಿಜ ಹೇಳಬೇಕೆಂದರೆ ಶೀಟಿನ ಕೆಲಸ ಬೇಗ ಮುಗಿಯುತ್ತದೆ, ದುಡ್ಡೂ ಬೇಗ ಕೈಗೆ ಬರುತ್ತದೆ. ಆದರೂ ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ: "ಮರ ಹೇಗಿದೆ?"

ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೆಳಗೆ ನಿಂತು ನೋಡಿದರೆ ಕಾಣುವುದು ಕಪ್ಪಾದ ಹಂಚು, ಪಾಚಿ, ಮಂಗ ಒಡೆದ ತೂತು. ಅದನ್ನು ನೋಡಿ ಮಾಡು ಹಾಳಾಯಿತು ಅಂದುಕೊಳ್ಳುತ್ತಾರೆ. ಒಂದು ಹಂಚು ಒಡೆದರೆ ಒಂದು ಹಂಚು ಬದಲಿಸಿದರಾಯಿತು. ಒಳಗಿನ ಮರ ಲಡ್ಡಾಗಿ ಕೊಳೆತಿದ್ದರೆ ಮೇಲೆ ಎಂಥ ಹೊಸ ಹಂಚು ಹೊದೆಸಿದರೂ ದಂಡ. ಹಾಗಾಗಿ ಪರೀಕ್ಷೆ ಒಳಗಿನಿಂದ ಶುರು ಮಾಡಿ.

ಮೊದಲು ಅಂಗಳಕ್ಕೆ ಹೋಗಿ, ಮನೆ ಪೂರ್ತಿ ಕಾಣುವಷ್ಟು ದೂರ ನಿಂತು ಮಾಡಿನ ನೆತ್ತಿ ನೋಡಿ. ಈ ತುದಿಯಿಂದ ಆ ತುದಿಗೆ ಗೆರೆ ನೇರವಾಗಿದೆಯೇ? ಹಳೆ ಮನೆಯಲ್ಲಿ ನಡುವೆ ಸ್ವಲ್ಪ ಜಗ್ಗಿರುವುದು ಸಾಮಾನ್ಯ. ವರ್ಷಗಳಿಂದ ಅಷ್ಟೇ ಇದ್ದರೆ ಹೆದರಬೇಕಾಗಿಲ್ಲ. ಒಂದೇ ಕಡೆ ಗುಂಡಿ ಬಿದ್ದ ಹಾಗೆ ಕಂಡರೆ ಆ ಜಾಗದ ಕೆಳಗೆ ಏನೋ ಮುರಿದಿದೆ ಅಥವಾ ಕೊಳೆತಿದೆ.

ಆಮೇಲೆ ಅಟ್ಟ ಹತ್ತಿ. ಟಾರ್ಚು ಮತ್ತು ಉದ್ದನೆಯ ಸ್ಕ್ರೂ ಡ್ರೈವರ್ ಸಾಕು. ನೆತ್ತಿಯಿಂದ ಸೂರಿನವರೆಗೆ ಇಳಿಜಾರಾಗಿ ಬರುವ ಮರಕ್ಕೆ ಪಕಾಸು ಎನ್ನುತ್ತೇವೆ. ಆ ಪಕಾಸು ಗೋಡೆಯ ಮೇಲೆ ಕೂರುವ ಜಾಗ, ಸೂರಿನ ತುದಿ, ಎರಡು ಮಾಡು ಕೂಡುವ ಮೂಲೆ, ಇವೇ ಮೊದಲು ಹೋಗುವುದು. ನಡುಭಾಗ ಗಟ್ಟಿಯಿದ್ದು ತುದಿ ಮಾತ್ರ ಹೋಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಸ್ಕ್ರೂ ಡ್ರೈವರ್ ಒತ್ತಿ. ಒಳ್ಳೆಯ ಮತ್ತಿ, ಹೊನ್ನೆ, ಸಾಗವಾನಿ ಮರ ಬಿಟ್ಟುಕೊಡುವುದಿಲ್ಲ, ಗೀರು ಬೀಳುತ್ತದೆ ಅಷ್ಟೆ. ಅರ್ಧ ಇಂಚಿಗಿಂತ ಜಾಸ್ತಿ ಸಲೀಸಾಗಿ ಇಳಿದರೆ ಆ ತುಂಡಿನ ಕಥೆ ಮುಗಿದಿದೆ. ಕೆಳಗೆ ಸಣ್ಣ ಹಿಟ್ಟು ಉದುರಿದ್ದರೆ ಕುಟ್ಟೆ ಹುಳ. ಗೋಡೆಯಿಂದ ಮಣ್ಣಿನ ಗೆರೆ ಮರದ ಕಡೆಗೆ ಹತ್ತಿದ್ದರೆ ಒರಲೆ. ಕುಟ್ಟೆಯ ಜೊತೆ ಕೆಲವು ವರ್ಷ ಬದುಕಬಹುದು, ಒರಲೆಯ ಜೊತೆ ಆಗುವುದಿಲ್ಲ. ಒರಲೆ ಹೊರಗಿಂದ ಚರ್ಮ ಉಳಿಸಿ ಒಳಗೆ ಪೂರ್ತಿ ಖಾಲಿ ಮಾಡುತ್ತದೆ. ಆದ್ದರಿಂದ ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ಬಡಿದು ನೋಡಿ. ಪೊಳ್ಳು ಸದ್ದು ಕೂಡಲೇ ಗೊತ್ತಾಗುತ್ತದೆ.

ಕಾರವಾರದಿಂದ ಭಟ್ಕಳದವರೆಗೆ ಕಡಲ ಪಕ್ಕದ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಮರ ಚೆನ್ನಾಗಿರುತ್ತದೆ, ಮೊಳೆ ಹೋಗಿರುತ್ತದೆ. ಉಪ್ಪುಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸವೆದು ರೀಪು, ಅಂದರೆ ಹಂಚು ಕೂರುವ ಮರದ ಅಡ್ಡಪಟ್ಟಿ, ಜಾರುತ್ತದೆ. ರೀಪು ಜಾರಿದರೆ ಹಂಚಿನ ಸಾಲು ಸಡಿಲ, ಸಾಲು ಸಡಿಲವಾದರೆ ಸೋರಿಕೆ. ಇಂಥ ಮಾಡನ್ನು ಬಿಸಾಡುವುದು ತಪ್ಪು. ಹಂಚು ಇಳಿಸಿ, ರೀಪು ಹೊಸದು ಹೊಡೆದು, ಸತುವು ಲೇಪಿಸಿದ ಮೊಳೆ ಹಾಕಿ, ಅದೇ ಹಂಚು ಮತ್ತೆ ಏರಿಸಿದರೆ ಮುಗಿಯಿತು.

ಈಗ ಹಂಚಿಗೆ ಬರೋಣ. ನಮ್ಮ ಕಡೆಯ ಮಂಗಳೂರು ಹಂಚಿನ ಕಥೆ ಶುರುವಾದದ್ದು 1865ರಲ್ಲಿ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗ. ಅವರ ಹೆಸರು ಅಚ್ಚೊತ್ತಿದ ಹಂಚು ಈಗಲೂ ಕೆಲವು ಮನೆಗಳ ಮೇಲೆ ಮಳೆ ತಡೆಯುತ್ತಿದೆ. ಹಾಗಾಗಿ ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಹಂಚು ಇಳಿಸಬೇಡಿ. ಚೆನ್ನಾಗಿ ಸುಟ್ಟ ಹಂಚಿಗೆ ವಯಸ್ಸು ಲೆಕ್ಕಕ್ಕಿಲ್ಲ. ಅರೆಬೆಂದ ಹಂಚಿಗೆ ಕೆಲವೇ ಮಳೆಗಾಲ ಸಾಕು.

ಬೆಂದಿದೆಯೋ ಇಲ್ಲವೋ ನೋಡಲು ಎರಡು ದಾರಿ. ಬೆರಳ ಗಂಟಿನಿಂದ ಬಡಿಯಿರಿ: ಠಣ್ ಎಂದರೆ ಒಳ್ಳೆಯದು, ಡಬ್ ಎಂದರೆ ಬಿರುಕು ಅಥವಾ ಒಳಗೆ ನೀರು. ಎರಡನೆಯದು ತೂಕದ ಪರೀಕ್ಷೆ, ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಬೇರೆ ಬೇರೆ ದಿಕ್ಕಿನ ಮಾಡಿನಿಂದ ಕೆಲವು ಹಂಚು ಇಳಿಸಿ, ಬ್ರಶ್ಶಿನಿಂದ ಪಾಚಿ ಉಜ್ಜಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ತೆಗೆದು ಮೈ ಒರೆಸಿ, ಮತ್ತೆ ತೂಗಿ. ಹೊಸ ಹಂಚಿಗೆ ಭಾರತೀಯ ಮಾನಕ ಒಪ್ಪುವ ನೀರು ಹೀರಿಕೆ ನೂರಕ್ಕೆ 20ರೊಳಗೆ. ಅಂದರೆ ಒಣಗಿದಾಗ 2.4 ಕಿಲೋ ಇದ್ದ ಹಂಚು ನೆನೆದ ಮೇಲೆ 2.9 ಕಿಲೋ ದಾಟಬಾರದು. ಮೂರು ಕಿಲೋ ದಾಟಿದರೆ ಅದು ಮಳೆ ತಡೆಯುವ ಹಂಚಲ್ಲ, ನೀರು ಕುಡಿಯುವ ಹಂಚು. ಮಾಡಿಗೆ ಭಾರ ಬೇರೆ.

ಹಂಚು ಇಳಿಸುವಾಗ ನೈಋತ್ಯ ಮತ್ತು ಪಶ್ಚಿಮದ ಮಾಡನ್ನು ಮರೆಯಬೇಡಿ. ಮಳೆಗಾಲದ ಗಾಳಿ ಹೊಡೆಯುವುದು ಆ ಕಡೆಯೇ. ಘಟ್ಟದ ಮೇಲಾದರೆ ಹಲಸು, ಮಾವಿನ ನೆರಳು ಬೀಳುವ ಬದಿ ನೋಡಿ, ಅಲ್ಲಿ ಹಂಚು ಒಣಗುವುದೇ ಇಲ್ಲ. ಒಂದು ಬದಿ ಹಾಳು, ಇನ್ನೊಂದು ಗಟ್ಟಿ ಎಂದಾದರೆ ಹಾಳಾದ ಬದಿಯನ್ನಷ್ಟೇ ಬದಲಿಸಿ. ಮಾಡು ಪೂರ್ತಿ ಒಂದೇ ಬಣ್ಣ ಇರಬೇಕು ಎಂದು ಯಾರು ಹೇಳಿದ್ದು?

ಸೋರುವ ಜಾಗ ಹುಡುಕುವಾಗ ಹನಿ ಬೀಳುವ ಕಡೆ ಮೇಲೆ ನೋಡಿ ಮೋಸ ಹೋಗಬೇಡಿ. ನೀರು ರೀಪಿನ ಮೇಲೆ ಹರಿದು ಎಲ್ಲೋ ಕೆಳಗೆ ಬಂದು ತೊಟ್ಟಿಕ್ಕುತ್ತದೆ. ಮಳೆ ಬೀಳುವಾಗಲೇ ಅಟ್ಟದಲ್ಲಿ ಕೂತು, ಒದ್ದೆ ಗೆರೆ ಹಿಡಿದು ಮೇಲಕ್ಕೆ ಹೋಗಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡು ಮಾಡು ಕೂಡುವ ಮೂಲೆಯ ತಗಡು, ಗೋಡೆಗೆ ಮಾಡು ತಾಗುವ ಜಾಗ, ಗಾಜಿನ ಹಂಚಿನ ಸುತ್ತ, ನೆತ್ತಿಯ ಗಾರೆ. ಸೋರಿಕೆ ಹೆಚ್ಚಾಗಿ ಇಲ್ಲೇ ಇರುತ್ತದೆ. ಮೂಲೆ ತಗಡು ತೂತಾದ ಕಾರಣಕ್ಕೆ ಇಡೀ ಮಾಡು ಬಿಚ್ಚಿಸಿದವರಿದ್ದಾರೆ ಮಾರಾಯ್ರೆ! ಹಂಚಿನ ಅಡಿಗೆ ಪ್ಲಾಸ್ಟಿಕ್ ತುರುಕುವ ಚಾಳಿಯೂ ಬೇಡ. ಆ ಮಳೆಗಾಲ ಕಳೆಯಬಹುದು, ಆದರೆ ರೀಪಿಗೆ ಗಾಳಿ ಆಡದೆ ಅದು ಅಲ್ಲೇ ಕೊಳೆಯುತ್ತದೆ.

ಇಷ್ಟು ನೋಡಿದ ಮೇಲೆ ನನ್ನ ಲೆಕ್ಕ ಹೀಗೆ. ತೊಲೆ, ಪಕಾಸು ಗಟ್ಟಿ, ಐದು ಹಂಚಿನಲ್ಲಿ ನಾಲ್ಕು ಠಣ್ ಎನ್ನುತ್ತವೆ ಎಂದರೆ ಉಳಿಸಿ, ಎರಡನೇ ಮಾತೇ ಇಲ್ಲ. ಪಕಾಸಿನ ತುದಿ ಮಾತ್ರ ಹೋಗಿದ್ದರೆ ಕೊಳೆತದ್ದನ್ನು ಕತ್ತರಿಸಿ, ಪಕ್ಕಕ್ಕೆ ಹೊಸ ತುಂಡು ಕೂಡಿಸಿ ಬೋಲ್ಟ್ ಹಾಕಬಹುದು. ಅದಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಸಿ, ಒರಲೆ ದೂರ ಇರುತ್ತದೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಲಿ. ಮೂರರಲ್ಲಿ ಒಂದು ಪಕಾಸು ಹೋಗಿದ್ದರೆ, ಇಲ್ಲವೇ ಗೋಡೆಯೇ ಹೊರಕ್ಕೆ ವಾಲಿದ್ದರೆ, ಬಿಚ್ಚುವುದೇ ಸರಿ. ಗೋಡೆ ವಾಲಿದ್ದರೆ ನನಗಿಂತ ಮೊದಲು ಎಂಜಿನಿಯರ್‌ಗೆ ತೋರಿಸಿ.

ಬಿಚ್ಚಿದರೂ ಹಂಚು ಬಿಸಾಡಬೇಕೆಂದಿಲ್ಲ. ಕಬ್ಬಿಣದ ಪೈಪಿನ ಚೌಕಟ್ಟು ಮಾಡಿ ಹಳೆ ಹಂಚನ್ನೇ ಮೇಲೆ ಕೂರಿಸಬಹುದು. ಕಡಲ ಪಕ್ಕ ಸತುವು ಲೇಪಿಸಿದ ಪೈಪೇ ಬೇಕು. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಆ ಲೇಪ ಸುಟ್ಟುಹೋಗಿರುತ್ತದೆ, ಅಲ್ಲಿ ಸತುವಿನ ಪ್ರೈಮರ್ ಬಳಿದಿದ್ದಾರೋ ಇಲ್ಲವೋ ನಿಂತು ನೋಡಿ.

ಶೀಟನ್ನು ಸುಮ್ನೆ ಬೈಯುವವನು ನಾನಲ್ಲ. ಕೊಟ್ಟಿಗೆಗೆ, ಅಡಿಕೆ ಒಣಗಿಸುವ ಅಂಗಳಕ್ಕೆ ಶೀಟೇ ಸರಿ. ಶಿರಸಿ ಕಡೆ ಮಂಗನ ಕಾಟಕ್ಕೆ ಬೇಸತ್ತು ಶೀಟ್ ಹಾಕಿಸಿದವರನ್ನು ನಾನು ತಪ್ಪು ಎನ್ನಲಾರೆ. ಆದರೆ ವಾಸದ ಮನೆಗೆ ಹಾಕುವ ಮೊದಲು ತೂಕದ ಲೆಕ್ಕ ತಿಳಿದಿರಲಿ. ಸಾವಿರ ಚದರ ಅಡಿ ಮಾಡಿಗೆ ಸುಮಾರು 1,400 ಹಂಚು ಬೇಕು. ಅದು ಮೂರು ಟನ್ನಿಗೂ ಮೇಲೆ. ಅಷ್ಟೇ ಮಾಡಿಗೆ ಅರ್ಧ ಮಿಲಿಮೀಟರ್ ದಪ್ಪದ ಶೀಟ್ ಅರ್ಧ ಟನ್ನೂ ಆಗುವುದಿಲ್ಲ. ಹಗುರ ಅಲ್ವಾ, ಒಳ್ಳೆಯದೇ ಎನ್ನಬಹುದು. ಆದರೆ ಹಂಚಿನ ಸಂದಿಯಲ್ಲಿ ಗಾಳಿ ಹೊರಗೆ ಹೋಗುತ್ತದೆ, ಶೀಟಿನಲ್ಲಿ ಹೋಗುವುದಿಲ್ಲ. ಗಾಳಿ ಒಳಹೊಕ್ಕರೆ ಸೂರಿನ ಕಡೆಯಿಂದ ಎತ್ತುತ್ತದೆ. ಹಾಗಾಗಿ ಸೂರು ಮತ್ತು ನೆತ್ತಿಯ ಸಾಲಿನಲ್ಲಿ ಸ್ಕ್ರೂ ಒತ್ತೊತ್ತಾಗಿ ಇರಬೇಕು. ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳುತ್ತದೆ, ಅದನ್ನೂ ಆಗಾಗ ನೋಡುತ್ತಿರಬೇಕು. ಏಪ್ರಿಲ್ ಬಿಸಿಲಿನ ಸೆಕೆ, ಜುಲೈ ಮಳೆಯ ಸದ್ದು ಬೇರೆ. ಫೋನಲ್ಲಿ ಮಾತಾಡಲೂ ಆಗುವುದಿಲ್ಲ. ಹಳೆ ಸಿಮೆಂಟ್ ಶೀಟ್ ಇಳಿಸುವುದಿದ್ದರೆ ಅದರಲ್ಲಿ ಕಲ್ನಾರು ಇರಬಹುದು. ಒಡೆಯದೆ, ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಹಾಕಿ ಇಳಿಸಿ.

ಕೆಲಸಕ್ಕೆ ಕಾಲ ಯಾವುದು? ಘಟ್ಟದ ಮೇಲೆ ಅಡಿಕೆಯ ಕೊನೆಕೊಯ್ಲು ಮುಗಿಯುವವರೆಗೆ ಆಳು ಸಿಗುವುದಿಲ್ಲ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ವಾರ ಯಾರನ್ನೂ ಕರೆಯಬೇಡಿ, ನಾನೂ ಬರುವುದಿಲ್ಲ. ಮಾರ್ಚ್ ಕೊನೆಯಿಂದ ಏಪ್ರಿಲ್ ಸರಿಯಾದ ಹೊತ್ತು. ಮೇ ತಿಂಗಳಲ್ಲಿ ಅಡ್ಡಮಳೆ ಬಂದರೆ ಬಿಚ್ಚಿದ ಮಾಡಿನ ಕೆಳಗೆ ಮನೆಯೇ ನೆನೆಯುತ್ತದೆ. ಸ್ವಂತ ಬೆಟ್ಟದ ಮರ ಬಳಸುವ ಯೋಚನೆ ಇದ್ದರೆ ಅರಣ್ಯ ಇಲಾಖೆಯ ಅನುಮತಿಗೆ ಇನ್ನೂ ಮೊದಲೇ ಓಡಾಡಿ.

ಬದಲಿ ಹಂಚು ತರುವಾಗ ನಿಮ್ಮ ಹಂಚೊಂದನ್ನು ಜೊತೆಗೆ ಒಯ್ಯಿರಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ತರ. ಕಣ್ಣಿಗೆ ಒಂದೇ ಕಂಡರೂ ಅಂಚು ಒಂದಕ್ಕೊಂದು ಕೂರುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹಳೆ ಕಾರ್ಖಾನೆಗಳಲ್ಲಿ ಎಷ್ಟೋ ಮುಚ್ಚಿವೆ. ಆದ್ದರಿಂದ ಊರಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಾರೆಂದು ಗೊತ್ತಾದರೆ ತಡಮಾಡದೆ ಹೋಗಿ, ಅಚ್ಚಿನ ಹೆಸರು ನೋಡಿ, ಒಂದೊಂದನ್ನೂ ಬಡಿದು ಆರಿಸಿ ತನ್ನಿ. ಐವತ್ತು ಹಂಚು ಹೆಚ್ಚುವರಿ ಇರಲಿ. ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ. ಕೊಟ್ಟಿಗೆಯ ಗೋಡೆಗೆ ಒರಗಿಸಿ ನಿಲ್ಲಿಸಿಡಿ, ಮಂಗ ಒಡೆದ ಮರುದಿನವೇ ಕೈಗೆ ಸಿಗುತ್ತದೆ.