ಸಂಘದ ಸಮ್ಮೇಳನಕ್ಕೆ ಜಾಲತಾಣಗಳನ್ನು ಬಳಸಿಕೊಳ್ಳುವ ಬಗೆ

ಸದಸ್ಯರ ಬಲದ ಮೇಲೆಯೇ ನಿಂತಿರುವ ಸಂಘವೊಂದಕ್ಕೆ, ಅದು ವೈದ್ಯರದ್ದಾಗಿರಲಿ, ಶಿಕ್ಷಕರದ್ದಾಗಿರಲಿ, ವಾರ್ಷಿಕ ಸಮ್ಮೇಳನವು ವರ್ಷದ ಅತ್ಯಂತ ದೊಡ್ಡ ಖರ್ಚೂ ಹೌದು, ಸದಸ್ಯರು ಒಬ್ಬರನ್ನೊಬ್ಬರು ಮುಖತಃ ಕಾಣುವ ಅಪರೂಪದ ಅವಕಾಶವೂ ಹೌದು. ಹೀಗಿದ್ದರೂ ಅನೇಕ ಕಾರ್ಯಕಾರಿ ಸಮಿತಿಗಳು ಸಾಮಾಜಿಕ ಜಾಲತಾಣಗಳನ್ನು ಬಳಸುವುದು ಎರಡೇ ಕೆಲಸಗಳಿಗೆ: ಮೊದಲು ಆಮಂತ್ರಣ ಪತ್ರಿಕೆಯನ್ನು ಹಂಚಲು, ಎಲ್ಲ ಮುಗಿದ ಮೇಲೆ ವೇದಿಕೆಯ ಫೋಟೊಗಳನ್ನು ಹಾಕಲು. ಇವುಗಳಿಂದ ಪ್ರಚಾರ ಸಿಗಬಹುದು, ಸಮ್ಮೇಳನ ಸುಧಾರಿಸುವುದಿಲ್ಲ. ಸದಸ್ಯರು ತಮ್ಮ ಕೆಲಸದಲ್ಲಿ ನಿಜವಾಗಿ ಎದುರಿಸುತ್ತಿರುವ ಪ್ರಶ್ನೆಗಳು ಗೋಷ್ಠಿಗಳ ವಿಷಯಗಳಾಗುವಂತೆ ಮಾಡುವುದೇ ಜಾಲತಾಣದಿಂದ ಆಗಬಹುದಾದ ದೊಡ್ಡ ಉಪಕಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸದಸ್ಯರು ಈಗಾಗಲೇ ಎಲ್ಲಿ ಮಾತನಾಡಿಕೊಳ್ಳುತ್ತಿದ್ದಾರೆ ಎಂಬುದನ್ನು ತಿಳಿದುಕೊಳ್ಳಿ. ಸಮ್ಮೇಳನಕ್ಕೆಂದೇ ಹೊಸ ಆ್ಯಪ್ ಒಂದನ್ನು ಹಾಕಿಸಿಕೊಳ್ಳಿ ಎಂದರೆ ಬಹುತೇಕರು ಆ ಗೋಜಿಗೆ ಹೋಗುವುದಿಲ್ಲ. ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ 1,024 ಜನರಿಗೆ ಮಾತ್ರ ಅವಕಾಶವಿದ್ದು, ಅಲ್ಲಿ ಸದಸ್ಯರ ಫೋನ್ ಸಂಖ್ಯೆ ಉಳಿದವರಿಗೂ ಕಾಣಿಸುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಇದನ್ನು ಒಪ್ಪದ ಸದಸ್ಯರನ್ನು ಕೇಳದೆ ಸೇರಿಸುವುದು ತಪ್ಪು. ಟೆಲಿಗ್ರಾಂ ಗುಂಪಿನಲ್ಲಿ ಎರಡು ಲಕ್ಷ ಜನರವರೆಗೆ ಇರಬಹುದಾದ್ದರಿಂದ ದೊಡ್ಡ ಸಂಘಗಳಿಗೆ ಅದು ಒದಗೀತು. ಯಾವುದನ್ನೇ ಆರಿಸಿಕೊಂಡರೂ, ನಿರ್ವಾಹಕರಷ್ಟೇ ಬರೆಯಬಹುದಾದ ಸೂಚನೆಗಳ ಗುಂಪು ಬೇರೆ, ಎಲ್ಲರೂ ಮಾತನಾಡುವ ಚರ್ಚೆಯ ಗುಂಪು ಬೇರೆ ಎಂದು ವಿಂಗಡಿಸಿ. ಹಾಗೆ ಮಾಡದಿದ್ದರೆ ಸಭಾಂಗಣ ಬದಲಾದ ಸೂಚನೆಯು ಶುಭಾಶಯಗಳ ರಾಶಿಯಲ್ಲಿ ಮುಳುಗಿಹೋಗುತ್ತದೆ.

ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗುವ ಮುನ್ನ, ಕನಿಷ್ಠ ಮೂರು ತಿಂಗಳ ಮೊದಲೇ, ಪ್ರಶ್ನೆಗಳನ್ನು ಸಂಗ್ರಹಿಸಲು ಆರಂಭಿಸಿ. ಇಲ್ಲಿ ಕೇಳುವ ರೀತಿಯೇ ಮುಖ್ಯ. 'ನಿಮ್ಮ ಸಲಹೆಗಳನ್ನು ಕಳುಹಿಸಿ' ಎಂದು ಬರೆದರೆ ಮೌನವೇ ಉತ್ತರವಾಗುತ್ತದೆ, ಇಲ್ಲವೇ ಊಟದ ವ್ಯವಸ್ಥೆಯ ಬಗ್ಗೆ ನಾಲ್ಕು ಮಾತು ಬರುತ್ತವೆ. ಅದರ ಬದಲು 'ಕಳೆದ ಒಂದು ವರ್ಷದಲ್ಲಿ ನಿಮ್ಮ ಕೆಲಸದಲ್ಲಿ ಎದುರಾಗಿ, ಯಾರನ್ನು ಕೇಳಬೇಕೆಂದೇ ತಿಳಿಯದೆ ಉಳಿದ ಒಂದು ಸಮಸ್ಯೆ ಯಾವುದು?' ಎಂದು ಕೇಳಿ ನೋಡಿ. ಉತ್ತರಗಳ ಸ್ವರೂಪವೇ ಬದಲಾಗುತ್ತದೆ. ಮೊದಲ ಉತ್ತರ ಬರೆಯಲು ಎಲ್ಲರಿಗೂ ಸಂಕೋಚವಿರುವುದರಿಂದ, ನಾಲ್ಕೈದು ಸದಸ್ಯರೊಡನೆ ಮುಂಚಿತವಾಗಿ ಮಾತನಾಡಿ, ಅವರು ತಮ್ಮ ನಿಜವಾದ ಸಮಸ್ಯೆಗಳನ್ನೇ ಮೊದಲ ದಿನ ಬರೆಯುವಂತೆ ಕೋರಬೇಕು. ಹಿರಿಯರೊಬ್ಬರು 'ನನಗೂ ಇದು ಗೊತ್ತಿಲ್ಲ' ಎಂದು ಬರೆದರೆ ಕಿರಿಯರಿಗೆ ಬರುವ ಧೈರ್ಯ ಬೇರಾವುದರಿಂದಲೂ ಬರುವುದಿಲ್ಲ.

ಬಂದ ಪ್ರಶ್ನೆಗಳನ್ನು ಮತಕ್ಕೆ ಹಾಕಿ, ಹೆಚ್ಚು ಮತ ಪಡೆದವನ್ನೇ ಗೋಷ್ಠಿಗಳನ್ನಾಗಿಸುವ ಆಸೆ ಸಹಜ, ಏಕೆಂದರೆ ಈಗ ಗುಂಪಿನೊಳಗೇ ಮತಗಣನೆ ನಡೆಸುವುದು ಸುಲಭ. ಮತಗಣನೆಯನ್ನು ಪ್ರಶ್ನೆಗಳನ್ನು ಜೋಡಿಸಲು ಬಳಸಿ, ತೀರ್ಮಾನಿಸಲು ಬಳಸಬೇಡಿ. ಹತ್ತೇ ಜನರಿಗಿರುವ ಸಮಸ್ಯೆಯು ಆ ಹತ್ತು ಜನರ ಪಾಲಿಗೆ ಅತ್ಯಂತ ಗಂಭೀರವಾಗಿರಬಹುದು. ಅಂಥವರಿಗೆ ವಿರಾಮದ ವೇಳೆಯಲ್ಲಿ ಒಂದು ಮೇಜು ಮತ್ತು ತಿಳಿದವರೊಬ್ಬರನ್ನು ಒದಗಿಸಿದರೂ ಸಾಕು. ಜಾಲತಾಣದಲ್ಲಿ ಹೆಚ್ಚು ಬರೆಯುವವರೇ ಇಡೀ ಸಂಘವಲ್ಲ ಎಂಬುದನ್ನೂ ಮರೆಯಬಾರದು. ಅಲ್ಲಿ ಇಲ್ಲದ ಸದಸ್ಯರಿಗೆ ಇದೇ ಪ್ರಶ್ನೆಯನ್ನು ದೂರವಾಣಿಯ ಮೂಲಕ ಕೇಳಿ, ಅವರ ಉತ್ತರಗಳನ್ನು ಅದೇ ಪಟ್ಟಿಗೆ ಸೇರಿಸಬೇಕು.

ಹೀಗೆ ಸಿದ್ಧವಾದ ಪಟ್ಟಿಯನ್ನು ಭಾಷಣಕಾರರಿಗೆ ಯಥಾವತ್ತಾಗಿ, ಸದಸ್ಯರ ಮಾತುಗಳಲ್ಲೇ, ಕಳುಹಿಸಿ. ತಾವು ಅವುಗಳಲ್ಲಿ ಯಾವುದನ್ನು ಕೈಗೆತ್ತಿಕೊಳ್ಳುವಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆದುಕೊಡುವಂತೆ ಕೋರಿ, ಅದನ್ನು ಗುಂಪಿನಲ್ಲಿ ಪ್ರಕಟಿಸಿ. ತನ್ನ ಪ್ರಶ್ನೆ ಇಂಥ ಗೋಷ್ಠಿಯಲ್ಲಿ ಚರ್ಚೆಗೆ ಬರಲಿದೆ ಎಂದು ತಿಳಿದ ಸದಸ್ಯನು ಆ ಗೋಷ್ಠಿಗೆ ತಪ್ಪದೆ ಬರುತ್ತಾನೆ, ಅದೇ ಪ್ರಶ್ನೆಯಿರುವ ಇನ್ನೊಬ್ಬರನ್ನೂ ಹುಡುಕಿಕೊಳ್ಳುತ್ತಾನೆ. ಮೊದಲ ಬಾರಿಗೆ ಬರುವವರ ವಿಷಯದಲ್ಲಿ ಸಮಿತಿಯೇ ಈ ಪರಿಚಯ ಮಾಡಿಸಬೇಕು: ಒಂದೇ ಬಗೆಯ ಸಮಸ್ಯೆ ಬರೆದ ಹಳಬರೊಬ್ಬರನ್ನೂ ಹೊಸಬರೊಬ್ಬರನ್ನೂ, ಇಬ್ಬರ ಒಪ್ಪಿಗೆ ಪಡೆದು, ಮುಂಚಿತವಾಗಿಯೇ ಸಂಪರ್ಕಕ್ಕೆ ತರಬೇಕು. ದೊಡ್ಡ ಸಭಾಂಗಣದಲ್ಲಿ ಯಾರ ಪರಿಚಯವೂ ಇಲ್ಲದೆ ಎರಡು ದಿನ ಕಳೆದು ಹಿಂತಿರುಗುವವರನ್ನು ನಾನು ಕಂಡಿದ್ದೇನೆ. ಅವರು ಮರುವರ್ಷ ಬರುವುದಿಲ್ಲ.

ಸಮ್ಮೇಳನದ ಮಾತುಗಳೆಲ್ಲ ಒಂದೆಡೆ ಸಿಗುವಂತೆ ಮಾಡಲು ಹ್ಯಾಶ್‌ಟ್ಯಾಗ್, ಅಂದರೆ # ಚಿಹ್ನೆ ಸೇರಿಸಿ ಬರೆದ ಪದ, ಈಗಲೂ ಸರಳವಾದ ಸಾಧನ. 2007ರ ಆಗಸ್ಟ್‌ನಲ್ಲಿ ಕ್ರಿಸ್ ಮೆಸ್ಸಿನಾ ಅವರು ಆಗಿನ ಟ್ವಿಟರ್‌ನಲ್ಲಿ ಈ ಸಲಹೆಯನ್ನು ಮುಂದಿಟ್ಟಾಗ ಉದಾಹರಣೆಯಾಗಿ ಕೊಟ್ಟದ್ದು ಬಾರ್‌ಕ್ಯಾಂಪ್ ಎಂಬ ಸಮಾವೇಶಗಳ ಹೆಸರನ್ನೇ. ಸಂಘದ ಚಿಕ್ಕ ಹೆಸರು ಮತ್ತು ವರ್ಷ ಸೇರಿದರೆ ಸಾಕು. ನಡುವೆ ಖಾಲಿ ಜಾಗ ಅಥವಾ ಅಡ್ಡಗೆರೆ (-) ಬಂದರೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಬೇರೆಯವರು ಅದನ್ನು ಈಗಾಗಲೇ ಬಳಸುತ್ತಿಲ್ಲವೆಂದು ಹುಡುಕಿ ಖಚಿತಪಡಿಸಿಕೊಂಡು, ಪ್ರತಿನಿಧಿಗಳ ಗುರುತಿನ ಚೀಟಿಯ ಮೇಲೂ ಮುದ್ರಿಸಿ. ರೋಮನ್ ಲಿಪಿಯಲ್ಲಿದ್ದರೆ ಪ್ರತಿ ಪದದ ಮೊದಲಕ್ಷರವನ್ನು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು, ಏಕೆಂದರೆ ದೃಷ್ಟಿದೋಷವುಳ್ಳವರು ಬಳಸುವ, ಪರದೆಯ ಬರಹವನ್ನು ದನಿಯಲ್ಲಿ ಹೇಳುವ ಸ್ಕ್ರೀನ್ ರೀಡರ್ ಆಗ ಪದಗಳನ್ನು ಬಿಡಿಸಿ ಓದಬಲ್ಲದು.

ಅಮೆರಿಕದಲ್ಲಿ ನಡೆದ 2007ರ ಸೌತ್ ಬೈ ಸೌತ್‌ವೆಸ್ಟ್ ಸಮ್ಮೇಳನದಲ್ಲಿ ಟ್ವಿಟರ್ ಸಂದೇಶಗಳನ್ನು ಸಭಾಂಗಣದ ಹೊರಗಿನ ಹಜಾರದ ದೊಡ್ಡ ಪರದೆಗಳ ಮೇಲೆ ತೋರಿಸಲಾಗಿತ್ತು, ಆ ಜಾಲತಾಣ ಜನಪ್ರಿಯವಾಗಲು ಅದೂ ಒಂದು ಕಾರಣ. ಆ ಪರದೆಯ ಜಾಗ ಹಜಾರವೇ. ಭಾಷಣಕಾರರ ಬೆನ್ನ ಹಿಂದೆ ಸಂದೇಶಗಳು ಓಡುತ್ತಿದ್ದರೆ ಸಭಿಕರ ಗಮನ ಅತ್ತ ಹೋಗುತ್ತದೆ, ಭಾಷಣಕಾರರಿಗೆ ಕಾಣದಂತೆ ಅವರನ್ನೇ ಟೀಕಿಸುವ ಮಾತು ಅಲ್ಲಿ ಮೂಡಿದರೆ ಅವಮಾನವೂ ಆಗುತ್ತದೆ. ಅದರ ಬದಲು ಪ್ರತಿ ಗೋಷ್ಠಿಗೆ ಒಬ್ಬ ಸ್ವಯಂಸೇವಕರನ್ನು ನೇಮಿಸಿ, ಬಂದ ಪ್ರಶ್ನೆಗಳನ್ನು ಆರಿಸಿ ಅಧ್ಯಕ್ಷರ ಕೈಗೆ ಚೀಟಿಯಲ್ಲಿ ಕೊಡುವ ವ್ಯವಸ್ಥೆ ಮಾಡಿ. ಸಭಾಂಗಣದಿಂದ ಒಂದು, ಫೋನಿನಿಂದ ಒಂದು ಎಂಬ ಸರದಿಯನ್ನು ಪಾಲಿಸಿದರೆ, ಬರಲಾಗದೆ ಮನೆಯಿಂದಲೇ ನೋಡುತ್ತಿರುವ ಸದಸ್ಯರಿಗೂ, ಮೈಕ್ ಹಿಡಿದು ಮಾತನಾಡಲು ಅಂಜುವವರಿಗೂ ನ್ಯಾಯ ಸಿಗುತ್ತದೆ. ನೇರಪ್ರಸಾರವಿದ್ದರೆ ಹಣವನ್ನು ಕ್ಯಾಮೆರಾಕ್ಕಿಂತ ಮೊದಲು ಧ್ವನಿಗೆ ಖರ್ಚು ಮಾಡಿ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಫೋಟೊ ಬೇಡವೆನ್ನುವವರ ಗುರುತಿನ ಚೀಟಿಗೆ ಬೇರೆ ಬಣ್ಣದ ದಾರ ಕೊಡಿ, ಇನ್ನೂ ಪ್ರಕಟವಾಗದ ಕೆಲಸವನ್ನು ಮಂಡಿಸುವವರು ಹಂಚಬಾರದೆಂದರೆ ಅದನ್ನು ಗೋಷ್ಠಿಯ ಆರಂಭದಲ್ಲೇ ಘೋಷಿಸಿ.

ಸಮ್ಮೇಳನ ಮುಗಿದ ಒಂದು ವಾರದೊಳಗೆ, ಉತ್ತರ ಸಿಗದೆ ಉಳಿದ ಪ್ರಶ್ನೆಗಳಿಗೆ ಭಾಷಣಕಾರರಿಂದ ಉತ್ತರ ಬರೆಸಿ ಗುಂಪಿನಲ್ಲಿ ಹಾಕಬೇಕು. ಲೈಕುಗಳ ಎಣಿಕೆಯಿಂದ ಸಮಿತಿಗೆ ತಿಳಿಯುವುದು ಬಹಳ ಕಡಿಮೆ. ಬಂದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಸಿಕ್ಕಿತು, ಮೊದಲ ಬಾರಿ ಬಂದವರಲ್ಲಿ ಎಷ್ಟು ಜನ ತಿಂಗಳ ನಂತರವೂ ಚರ್ಚೆಯಲ್ಲಿದ್ದಾರೆ ಎಂಬುದನ್ನು ಲೆಕ್ಕವಿಟ್ಟು ವರದಿಯಲ್ಲಿ ಸೇರಿಸಿ. ಜಾಲತಾಣದ ಖಾತೆಗಳನ್ನು ಪದಾಧಿಕಾರಿಯ ಸ್ವಂತ ಇಮೇಲ್‌ನಿಂದಲ್ಲ, ಸಂಘದ ಇಮೇಲ್‌ನಿಂದಲೇ ತೆರೆದು, ಪ್ರತಿ ಗುಂಪಿಗೂ ಕನಿಷ್ಠ ಇಬ್ಬರು ನಿರ್ವಾಹಕರನ್ನು ಇಟ್ಟುಕೊಳ್ಳಬೇಕು. ಹೊಸ ಸಮಿತಿಯು ಅಧಿಕಾರ ವಹಿಸಿಕೊಳ್ಳುವ ದಿನ, ಲೆಕ್ಕಪತ್ರಗಳ ಜೊತೆಗೆ ಪಾಸ್‌ವರ್ಡ್‌ಗಳನ್ನೂ, ಉತ್ತರ ಸಿಗದೆ ಉಳಿದ ಪ್ರಶ್ನೆಗಳ ಪಟ್ಟಿಯನ್ನೂ ಅವರ ಕೈಗೆ ಒಪ್ಪಿಸಿ.